ಚೀನದೇಶಕ್ಕೆ ವ್ಯಾಸಂಗಕ್ಕಾಗಿ ಹೊರಡುವ ಮುನ್ನ

ಫಲಿತಾಂಶಗಳು ಪ್ರಕಟವಾಗುವ ಬೇಸಗೆಯ ದಿನಗಳಲ್ಲಿ ಸಂಘದ ಕಚೇರಿಗೆ ಬಂದು ಸಲಹೆ ಕೇಳುವ ತಂದೆತಾಯಿಗಳ ಪ್ರಶ್ನೆಗಳು ಕೆಲವು ವರ್ಷಗಳಿಂದೀಚೆಗೆ ಬೇರೆಯಾಗಿವೆ. ಮೊದಲು, ಅನಂತಪುರದಲ್ಲಿ ಯಾವ ಕಾಲೇಜು ಲೇಸು, ಬೆಂಗಳೂರಿನಲ್ಲಿ ವಿದ್ಯಾರ್ಥಿನಿಲಯ ದೊರೆಯುವುದೇ ಎಂದು ವಿಚಾರಿಸುತ್ತಿದ್ದರು. ಈಗ ಹಿಂದೂಪುರದಲ್ಲಿಯೂ ಕಲ್ಯಾಣದುರ್ಗದಲ್ಲಿಯೂ ಚೀನದ ಮಾತು ಕೇಳಿಬರುತ್ತಿದೆ. ಹುಡುಗನಿಗೆ ಇಲ್ಲಿ ವೈದ್ಯಕೀಯ ಸೀಟು ದೊರೆಯಲಿಲ್ಲ, ಅಲ್ಲಿ ದೊರೆಯುತ್ತದೆಯಂತೆ, ಕಳುಹಿಸಬಹುದೇ?

ಕಲ್ಯಾಣದುರ್ಗದ ಕಡೆಯಿಂದ ಬಂದ ಒಬ್ಬ ತಾಯಿ ಮಡಿಸಿ ಮಡಿಸಿ ಸವೆದ ಬಣ್ಣದ ಕರಪತ್ರವೊಂದನ್ನು ನಮ್ಮ ಮುಂದಿಟ್ಟು ಕೇಳಿದರು: “ಸಾರ್, ಅಲ್ಲಿ ಪಾಠವೆಲ್ಲಾ ಇಂಗ್ಲಿಷಿನಲ್ಲೇ ಅಂತೆ. ಚೀನೀ ಭಾಷೆ ಒಂದಕ್ಷರವೂ ಬೇಡವಂತೆ. ನಿಜವಾ?” ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಮನೆಯಲ್ಲಿ ಕಡಲೆಕಾಯಿ ಬೆಳೆಯುವ ಮಳೆಯಾಧಾರದ ಹೊಲವಲ್ಲದೆ ಬೇರೆ ಆಸ್ತಿಯಿಲ್ಲ. ಕರಪತ್ರದಲ್ಲಿದ್ದುದು ಅರ್ಧ ನಿಜ. ಉಳಿದರ್ಧವನ್ನು ತಿಳಿಯದೆ ಹೊಲ ಮಾರಿದವರ ಪಾಡೇನು ಎಂಬುದನ್ನು ನೆನೆದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಚೀನವು ನಮ್ಮ ಸೀಮೆಗೆ ತೀರ ಅಪರಿಚಿತವಾದ ದೇಶವೇನೂ ಅಲ್ಲ. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆಯ ವಿದ್ಯೆ ಹುಟ್ಟಿದುದೇ ಚೀನದಲ್ಲಿ. ಧರ್ಮಾವರದ ನೇಕಾರರನ್ನು ಕೇಳಿದರೆ ಚೀನಾ ರೇಷ್ಮೆಯ ಗುಣದೋಷಗಳನ್ನು ಗಂಟೆಗಟ್ಟಲೆ ಹೇಳಿಯಾರು. ವಿದ್ಯೆಗಾಗಿ ಎರಡು ದೇಶಗಳ ನಡುವೆ ನಡೆದಾಡಿದವರೂ ಉಂಟು. ಕ್ರಿ.ಶ. ೬೨೯ರಲ್ಲಿ ಚೀನವನ್ನು ಬಿಟ್ಟು ೬೪೫ರಲ್ಲಿ ಹಿಂದಿರುಗಿದ ಹ್ಯುಯೆನ್ ತ್ಸಾಂಗನನ್ನು ನಮ್ಮ ಮಕ್ಕಳು ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಓದಿರುತ್ತಾರೆ. ಅವನು ಪ್ರವಾಸಿ ಮಾತ್ರನಲ್ಲ, ನಾಲಂದದ ವಿದ್ಯಾರ್ಥಿ. ಸಂಸ್ಕೃತವನ್ನು ಆಳವಾಗಿ ಕಲಿತ ಕಾರಣದಿಂದಲೇ ಅಲ್ಲಿಯ ಆಚಾರ್ಯರ ನಡುವೆ ಸರಿಸಮನಾಗಿ ಕೂತು ವಾದ ಮಾಡಬಲ್ಲವನಾದನು. ಅನುವಾದಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಓದಲಿಲ್ಲ.

ಈಗ ವಿಷಯಕ್ಕೆ ಬರೋಣ. ಚೀನಕ್ಕೆ ಹೋಗುವ ಭಾರತೀಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರು ಹೋಗುವುದು ವೈದ್ಯಕೀಯ ವ್ಯಾಸಂಗಕ್ಕೆ. ಇದರ ಕಾರಣ ಗೂಢವಾದುದಲ್ಲ. ೨೦೨೫ರಲ್ಲಿ ನೀಟ್ ಪರೀಕ್ಷೆಗೆ ಕುಳಿತವರು ೨೨ ಲಕ್ಷಕ್ಕೂ ಹೆಚ್ಚು; ಅರ್ಹತೆ ಪಡೆದವರು ೧೨ ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಆಗ್ಗೆ ಇದ್ದ ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಸುಮಾರು ೧ ಲಕ್ಷ ೧೮ ಸಾವಿರ. ಅವುಗಳಲ್ಲಿ ಖಾಸಗಿ ಕಾಲೇಜುಗಳ ಸ್ಥಾನಗಳು ಸಾಮಾನ್ಯ ಕುಟುಂಬಕ್ಕೆ ಎಟುಕುವಂಥವಲ್ಲ. ಮಿಕ್ಕವರಲ್ಲಿ ಛಲವುಳ್ಳವರು ಹೊರದೇಶದತ್ತ ನೋಡುತ್ತಾರೆ. ಅದನ್ನು ತಪ್ಪೆನ್ನಲಾಗದು.

ಆದರೆ ನೀಟ್ ಪರೀಕ್ಷೆಯನ್ನು ತಪ್ಪಿಸಿಕೊಂಡು ಚೀನದ ದಾರಿ ಹಿಡಿಯಬಹುದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ೨೦೧೮ರಿಂದ ಹೊರದೇಶದಲ್ಲಿ ವೈದ್ಯಕೀಯ ಓದಿ ಭಾರತಕ್ಕೆ ಮರಳಿ ವೃತ್ತಿ ನಡೆಸಬಯಸುವವರಿಗೂ ನೀಟ್ ಅರ್ಹತೆ ಕಡ್ಡಾಯವಾಗಿದೆ. ಇಲ್ಲಿ ನಮ್ಮ ಮಕ್ಕಳು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯುಂಟು. ನೀಟ್ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ನಡೆಸುತ್ತಾರೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡವನ್ನು ಆಯ್ದವರಿಗೆ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲಿಯೂ ಮುದ್ರಿತವಾದ ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ. ಆದರೆ ಕನ್ನಡದ ಪತ್ರಿಕೆಯನ್ನು ಕೊಡುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಆಂಧ್ರದ ಕೇಂದ್ರಗಳಲ್ಲಿ ದೊರೆಯುವುದು ತೆಲುಗು. ಆದಕಾರಣ ಹಿಂದೂಪುರದ ವಿದ್ಯಾರ್ಥಿಯು ಕನ್ನಡದಲ್ಲಿ ಪ್ರಶ್ನೆಗಳನ್ನು ಓದಬೇಕೆಂದರೆ ಅರ್ಜಿ ತುಂಬುವಾಗಲೇ ಬೆಂಗಳೂರು, ತುಮಕೂರು ಮುಂತಾದ ಊರುಗಳನ್ನೂ, ಕಲ್ಯಾಣದುರ್ಗದವನು ಬಳ್ಳಾರಿಯಂಥ ಊರನ್ನೂ ಕೇಂದ್ರವಾಗಿ ಸೂಚಿಸಬೇಕು. ಗಡಿಯಲ್ಲಿ ಹುಟ್ಟಿದ ಮಕ್ಕಳಿಗೆ ಇಂಥ ಸಣ್ಣ ಸುತ್ತುಗಳು ಹೊಸದಲ್ಲ. ಕನ್ನಡ ಮತ್ತು ಇಂಗ್ಲಿಷ್ ಪಾಠಗಳ ನಡುವೆ ಅರ್ಥಭೇದ ಬಂದರೆ ಇಂಗ್ಲಿಷ್ ಪಾಠವೇ ಅಂತಿಮವೆಂಬುದನ್ನೂ ಮರೆಯಬಾರದು.

ಎರಡನೆಯ ನಿಯಮ ಇನ್ನೂ ಮುಖ್ಯವಾದುದು. ೨೦೨೧ರ ನವೆಂಬರ್ ೧೮ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರದೇಶದ ಪದವೀಧರರಿಗಾಗಿ ನಿಯಮಾವಳಿಯೊಂದನ್ನು ಪ್ರಕಟಿಸಿತು. ಅದರಂತೆ ವ್ಯಾಸಂಗದ ಅವಧಿ ಕನಿಷ್ಠ ೫೪ ತಿಂಗಳಿರಬೇಕು. ಬೋಧನೆ ಇಂಗ್ಲಿಷಿನಲ್ಲಿ ನಡೆದಿರಬೇಕು. ಅದೇ ವಿದ್ಯಾಸಂಸ್ಥೆಯಲ್ಲಿಯೇ ೧೨ ತಿಂಗಳ ಆಸ್ಪತ್ರೆಯ ತರಬೇತಿ ಆಗಬೇಕು. ಪದವಿ ಕೊಟ್ಟ ದೇಶದಲ್ಲಿ ಅಲ್ಲಿಯ ಪ್ರಜೆಗಳಂತೆಯೇ ವೈದ್ಯವೃತ್ತಿ ನಡೆಸುವ ಸನ್ನದಿಗೆ ಆ ವಿದ್ಯಾರ್ಥಿ ಅರ್ಹನಾಗಿರಬೇಕು. ಇಷ್ಟೆಲ್ಲವೂ ಸೇರಿದ ದಿನದಿಂದ ಹತ್ತು ವರ್ಷಗಳೊಳಗೆ ಮುಗಿಯಬೇಕು. ಆಮೇಲೆ ಭಾರತಕ್ಕೆ ಬಂದು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಇಲ್ಲಿಯ ಆಸ್ಪತ್ರೆಯಲ್ಲಿ ಮತ್ತೆ ಹನ್ನೆರಡು ತಿಂಗಳು ತರಬೇತಿ ಪಡೆಯಬೇಕು. ಚೀನದ ವೈದ್ಯಕೀಯ ಪದವಿಯಲ್ಲಿ ಐದು ವರ್ಷದ ಪಾಠ, ಒಂದು ವರ್ಷದ ಆಸ್ಪತ್ರೆ. ಲೆಕ್ಕ ಹಾಕಿದರೆ ಮನೆ ಬಿಟ್ಟ ಹುಡುಗಿ ಸ್ವಂತ ಸಂಪಾದನೆಗೆ ಕಾಲಿಡುವ ಹೊತ್ತಿಗೆ ಏಳೆಂಟು ವರ್ಷಗಳಾಗಿರುತ್ತವೆ.

“ಆಯೋಗದ ಮಾನ್ಯತೆ ಪಡೆದ ಕಾಲೇಜು” ಎಂದು ಕರಪತ್ರಗಳಲ್ಲಿ ಅಚ್ಚಾಗಿರುವುದನ್ನು ನೋಡಿದ್ದೇವೆ. ಆಯೋಗವು ಹೊರದೇಶದ ಕಾಲೇಜುಗಳಿಗೆ ಮಾನ್ಯತೆ ಕೊಡುವುದಿಲ್ಲ. ಅದು ಹೇಳುವುದು ವ್ಯಾಸಂಗ ಹೇಗಿರಬೇಕೆಂಬ ನಿಯಮವನ್ನು ಮಾತ್ರ. ಆ ನಿಯಮಕ್ಕೆ ತಾನು ಸೇರುವ ಕಾಲೇಜು ಹೊಂದುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ. ಚೀನದ ಶಿಕ್ಷಣ ಇಲಾಖೆಯಾದರೋ ಹೊರದೇಶದವರಿಗೆ ಇಂಗ್ಲಿಷಿನಲ್ಲಿ ವೈದ್ಯಕೀಯ ಬೋಧಿಸಬಹುದಾದ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಮಾಡಿದೆ. ೨೦೨೨ರಲ್ಲಿ ಬೀಜಿಂಗಿನ ಭಾರತೀಯ ರಾಯಭಾರ ಕಚೇರಿಯು ಪ್ರಕಟಿಸಿದ ಎಚ್ಚರಿಕೆಯ ಪತ್ರದಂತೆ ಅವುಗಳ ಸಂಖ್ಯೆ ೪೫. ಸೇರುವ ವರ್ಷದಲ್ಲಿ ಆ ಪಟ್ಟಿಯಲ್ಲಿ ಹೆಸರಿದೆಯೇ, ಎಷ್ಟು ಸ್ಥಾನಗಳಿಗೆ ಅನುಮತಿಯಿದೆ ಎಂಬುದನ್ನು ರಾಯಭಾರ ಕಚೇರಿಯ ಪ್ರಕಟಣೆಗಳಿಂದಲೇ ತಿಳಿಯಬೇಕು, ದಲ್ಲಾಳಿಯ ಬಾಯಿಂದಲ್ಲ.

ಅದೇ ಎಚ್ಚರಿಕೆಯ ಪತ್ರದಲ್ಲಿ ಇನ್ನೊಂದು ಲೆಕ್ಕವಿತ್ತು. ಅದನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ. ೨೦೧೫ರಿಂದ ೨೦೨೧ರವರೆಗೆ ಚೀನದಲ್ಲಿ ಓದಿ ಬಂದು ಭಾರತದ ಅರ್ಹತಾ ಪರೀಕ್ಷೆಗೆ ಕುಳಿತವರು ೪೦,೪೧೭, ತೇರ್ಗಡೆಯಾದವರು ೬,೩೮೭. ನೂರಕ್ಕೆ ಹದಿನಾರು. ಪರೀಕ್ಷೆಯೇನೋ ಅಸಾಧ್ಯವಾದುದಲ್ಲ: ಮುನ್ನೂರು ಪ್ರಶ್ನೆಗಳು, ನೂರೈವತ್ತು ಸರಿಯಾದರೆ ಸಾಕು, ವರ್ಷಕ್ಕೆ ಎರಡು ಸಲ ನಡೆಯುತ್ತದೆ. (ಇದರ ಬದಲು ‘ನೆಕ್ಸ್ಟ್’ ಎಂಬ ಪರೀಕ್ಷೆಯನ್ನು ತರಬೇಕೆಂದು ೨೦೧೯ರ ಕಾಯಿದೆಯಲ್ಲಿದೆ, ಅದು ಜಾರಿಗೆ ಬಂದಾಗ ಹೊರದೇಶದಲ್ಲಿ ಓದಿದವರಿಗೂ ಅದೇ ಅನ್ವಯವಾಗುತ್ತದೆ.) ಹಾಗಾದರೆ ಆರು ವರ್ಷ ಓದಿದವರಲ್ಲಿ ನೂರಕ್ಕೆ ಎಂಬತ್ತನಾಲ್ಕು ಮಂದಿ ಎಡವಿದುದೇಕೆ?

ಕಾರಣಗಳು ಹಲವಿರಬಹುದು. ನಮಗೆ ಕಾಣುವ ಪ್ರಧಾನ ಕಾರಣ ಭಾಷೆ. ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆಂಬುದು ನಿಜ. ಆದರೆ ವೈದ್ಯವಿದ್ಯೆಯನ್ನು ಕಲಿಯುವುದು ತರಗತಿಯಲ್ಲಿ ಅರ್ಧ, ರೋಗಿಯ ಮಂಚದ ಬಳಿ ಅರ್ಧ. ಅಲ್ಲಿ ಮಲಗಿರುವವನು ಚೀನದ ರೈತ ಅಥವಾ ಕೂಲಿ. ಅವನಿಗೆ ಇಂಗ್ಲಿಷ್ ಬಾರದು. ದಾದಿಯರು ಮಾತಾಡುವುದು ಚೀನೀ. ರೋಗಿಯ ದಾಖಲೆ ಬರೆಯುವುದು ಚೀನೀಯಲ್ಲಿ. ಹಿರಿಯ ವೈದ್ಯರು ವಾರ್ಡಿನಲ್ಲಿ ನಡೆಯುತ್ತ ವಿವರಿಸುವುದೂ ಚೀನೀಯಲ್ಲಿ. ಕಲ್ಯಾಣದುರ್ಗದ ಆಸ್ಪತ್ರೆಗೆ ತೆಲುಗೂ ಕನ್ನಡವೂ ಬಾರದ ವೈದ್ಯರೊಬ್ಬರು ಬಂದರೆ ಅವರಿಗೆ ಹೊಟ್ಟೆನೋವಿಗೂ ಹೊಟ್ಟೆಯುರಿಗೂ ಇರುವ ಭೇದ ತಿಳಿಯುವುದು ಹೇಗೆ? ಅಲ್ಲಿಯೂ ಹಾಗೆಯೇ. ಭಾಷೆ ಬಾರದ ವಿದ್ಯಾರ್ಥಿ ಗುಂಪಿನ ಹಿಂದೆ ಬಿಳಿಯ ಅಂಗಿ ತೊಟ್ಟು ಸುಮ್ಮನೆ ನಿಲ್ಲುತ್ತಾನೆ. ಪುಸ್ತಕದ ರೋಗಗಳನ್ನು ಬಾಯಿಪಾಠ ಮಾಡಿ ಮರಳುತ್ತಾನೆ. ಈ ಕಾರಣದಿಂದಲೇ ರಾಯಭಾರ ಕಚೇರಿಯು, ಇಂಗ್ಲಿಷ್ ಮಾಧ್ಯಮದವರೂ ಚೀನೀ ಭಾಷೆಯನ್ನು ‘ಎಚ್.ಎಸ್.ಕೆ.’ ಪರೀಕ್ಷೆಯ ನಾಲ್ಕನೆಯ ಮಟ್ಟದವರೆಗೆ ಕಲಿಯಲೇಬೇಕು, ಕಲಿಯದವರಿಗೆ ಪದವಿ ದೊರೆಯದು ಎಂದು ಬರೆದು ತಿಳಿಸಿತು. ಇದು ಆ ಕರಪತ್ರದಲ್ಲಿ ಇರಲಿಲ್ಲ.

ಈ ಸಂದರ್ಭದಲ್ಲಿ ಡಾ. ದ್ವಾರಕಾನಾಥ ಕೋಟ್ನೀಸರನ್ನು ನೆನೆಯದಿರಲಾರೆವು. ಕನ್ನಡದ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರದಲ್ಲಿ ೧೯೧೦ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ವೈದ್ಯಕೀಯ ಓದಿ, ೧೯೩೮ರಲ್ಲಿ ಕಾಂಗ್ರೆಸ್ಸು ಚೀನಕ್ಕೆ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಅವರೂ ಹೋದರು. ಅಲ್ಲಿ ಜಪಾನಿನೊಡನೆ ಯುದ್ಧ ನಡೆಯುತ್ತಿತ್ತು. ಅವರು ಕಲಿತ ವೈದ್ಯವಿದ್ಯೆ ಪೂರ್ಣವಾಗಿತ್ತು; ಆದರೂ ಗಾಯಾಳುಗಳ ನಡುವೆ ನಿಂತಾಗ ಅದೊಂದೇ ಸಾಲದೆಂದು ಕಂಡು, ಚೀನೀ ಭಾಷೆಯನ್ನು ಮಾತಾಡಲೂ ಓದಲೂ ಬರೆಯಲೂ ಕಲಿತರು. ಮುಂದೆ ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾಗಿ, ಅಲ್ಲಿಯ ದಾದಿ ಗುವೊ ಛಿಂಗ್‌ಲಾನರನ್ನು ವಿವಾಹವಾಗಿ, ೧೯೪೨ರ ಡಿಸೆಂಬರ್ ೯ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಚೀನದ ಜನ ಇಂದಿಗೂ ಅವರ ಹೆಸರನ್ನು ಬಲ್ಲರು.

ಇನ್ನು ಭಾಷೆಯ ವಿಚಾರವನ್ನು ಸ್ವಲ್ಪ ವಿಸ್ತರಿಸೋಣ. ಏಕೆಂದರೆ ಇಲ್ಲಿಂದಲೇ, ಒಂಬತ್ತನೆಯ ತರಗತಿಯಿಂದಲೇ, ಕಾಸು ಖರ್ಚಿಲ್ಲದೆ ಆರಂಭಿಸಬಹುದಾದ ಸಿದ್ಧತೆ ಇದೊಂದೇ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹಿಂದೆ ಬೀಳುವರೆಂಬ ಅಳುಕು ಅನೇಕ ಪೋಷಕರಿಗೆ ಉಂಟು. ಚೀನೀ ಭಾಷೆಯ ಮಟ್ಟಿಗೆ ಆ ಅಳುಕು ಸಲ್ಲದು. ೧೯೫೮ರಲ್ಲಿ ಚೀನ ಸರಕಾರವು ತನ್ನ ಭಾಷೆಯ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು ‘ಪಿನ್‌ಯಿನ್’ ಎಂಬ ಪದ್ಧತಿಯನ್ನು ಅಂಗೀಕರಿಸಿತು. ಅದರಲ್ಲಿ ‘ಬಿ’ ಎಂಬ ಇಂಗ್ಲಿಷ್ ಅಕ್ಷರ ಬರೆದಿದ್ದರೆ ಉಚ್ಚಾರ ನಮ್ಮ ‘ಬ’ ಅಲ್ಲ, ‘ಪ’. ‘ಪಿ’ ಎಂದು ಬರೆದಿದ್ದರೆ ಉಸಿರು ಸೇರಿದ ಮಹಾಪ್ರಾಣ ‘ಫ’ — ‘ಫಲ’ ಎಂಬುದನ್ನು ಶುದ್ಧವಾಗಿ ಉಚ್ಚರಿಸುವಾಗಿನ ‘ಫ’, ‘ಫೋನ್’ ಎಂಬುದರ ‘ಫ’ ಅಲ್ಲ. ಅಂತೆಯೇ ‘ಡಿ’ ಎಂದರೆ ‘ತ’, ‘ಟಿ’ ಎಂದರೆ ‘ಥ’. ‘ಜಿ’ ಎಂದರೆ ‘ಕ’, ‘ಕೆ’ ಎಂದರೆ ‘ಖ’. ಗ, ಜ, ಡ, ದ, ಬಗಳಂಥ ಘೋಷ ವ್ಯಂಜನಗಳು ಆ ಭಾಷೆಯಲ್ಲಿ ಇಲ್ಲವೇ ಇಲ್ಲ. ಭೇದವೆಲ್ಲ ಅಲ್ಪಪ್ರಾಣ ಮಹಾಪ್ರಾಣಗಳದು. ಇಂಗ್ಲಿಷಿನ ಮೂಲಕವೇ ಇದನ್ನು ಕಲಿಯುವವನು ತಿಂಗಳುಗಟ್ಟಲೆ ತಡವರಿಸುತ್ತಾನೆ. ಕಾಗುಣಿತ ತಿದ್ದುವಾಗ ‘ತ’ ಬೇರೆ ‘ಥ’ ಬೇರೆ ಎಂದು ಮೇಷ್ಟ್ರಿಂದ ಬೈಸಿಕೊಂಡ ಮಕ್ಕಳಿಗೆ ಇದು ಆಗಲೇ ಬಂದಿರುತ್ತದೆ.

ಒಂದು ಉದಾಹರಣೆ. ಚೀನೀಯಲ್ಲಿ ಹೊಟ್ಟೆಗೆ ‘ತೂತ್ಸ’ ಎಂದೂ ಮೊಲಕ್ಕೆ ‘ಥೂತ್ಸ’ ಎಂದೂ ಹತ್ತಿರ ಹತ್ತಿರ ಹೇಳಬಹುದು. ನೋವಿಗೆ ‘ಥಂಗ್’. ರೋಗಿಯು “ತೂತ್ಸ ಥಂಗ್” ಎಂದರೆ ಹೊಟ್ಟೆ ನೋಯುತ್ತಿದೆ. ವೈದ್ಯನಾಗುವವನು ಉಸಿರನ್ನು ತಪ್ಪಿಸಿ “ಥೂತ್ಸ ಥಂಗ್?” ಎಂದು ಕೇಳಿದರೆ, ನಿನ್ನ ಮೊಲ ನೋಯುತ್ತಿದೆಯೇ ಎಂದಂತಾಯಿತು! ಹಾಗೆಯೇ ನಾಲಗೆಯನ್ನು ಮೇಲಕ್ಕೆ ಮಡಿಸಿ ಹೇಳುವ ‘ಷ’ಕಾರವೂ, ಮಡಿಸದೆ ಹೇಳುವ ‘ಶ’ಕಾರವೂ ಅಲ್ಲಿ ಬೇರೆ ಬೇರೆ. ಈ ಭೇದವನ್ನು ಮಾತಿನಲ್ಲಿ ನಾವೇ ಬಿಟ್ಟುಕೊಡುತ್ತಿದ್ದೇವೆ. ಚೀನೀ ಕಲಿಯಲಾದರೂ ಅದನ್ನು ಮರಳಿ ತಂದುಕೊಳ್ಳಬೇಕಾದೀತು.

ನಮಗೆ ನಿಜವಾಗಿ ಹೊಸದಾದುದು ಸ್ವರಭಾರ. ಒಂದೇ ಅಕ್ಷರವನ್ನು ನಾಲ್ಕು ಬಗೆಯಾಗಿ ಏರಿಸಿ ಇಳಿಸಿ ಹೇಳಿದರೆ ನಾಲ್ಕು ಅರ್ಥ. ‘ಮಾಯ್’ ಎಂಬುದನ್ನು ತಗ್ಗಿಸಿ ಎಳೆದು ಮೇಲೆತ್ತಿದರೆ ಕೊಳ್ಳುವುದು. ಥಟ್ಟನೆ ಇಳಿಸಿ ಹೇಳಿದರೆ ಮಾರುವುದು. ಕಡಲೆಕಾಯಿ ಮಂಡಿಯಲ್ಲಿ ಇಂಥ ಭಾಷೆಯಿದ್ದಿದ್ದರೆ ಎಷ್ಟು ಜಗಳಗಳಾಗುತ್ತಿದ್ದವೋ! ಇದು ಪುಸ್ತಕದಿಂದ ಬರತಕ್ಕ ವಿದ್ಯೆಯಲ್ಲ. ಕೇಳಿ, ಕೂಡಲೇ ಗಟ್ಟಿಯಾಗಿ ಹೇಳಿ, ಮತ್ತೆ ಕೇಳಿ ಕಲಿಯಬೇಕು. ಇದಕ್ಕೆ ಪ್ರತಿಯಾಗಿ ವ್ಯಾಕರಣದಲ್ಲಿ ಒಂದು ಸೌಕರ್ಯವುಂಟು. ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದೇ ಇಲ್ಲ. ನಮ್ಮ ವಿಭಕ್ತಿಪ್ರತ್ಯಯಗಳಂಥವೂ ಇಲ್ಲ. ಲಿಪಿಯಾದರೋ ಕಷ್ಟವೇ. ಅಕ್ಷರಮಾಲೆಯಿಲ್ಲ, ಅರ್ಥವುಳ್ಳ ಒಂದೊಂದು ಉಚ್ಚಾರಾಂಶಕ್ಕೂ ಒಂದು ಗುರುತು. ಆದರೂ ಅದರಲ್ಲಿ ಒಂದು ಕ್ರಮವಿದೆ. ಮರದ ಗುರುತನ್ನು ಎರಡು ಸಲ ಬರೆದರೆ ತೋಪು, ಮೂರು ಸಲ ಬರೆದರೆ ದಟ್ಟವಾದ ಅಡವಿ.

ಎಚ್.ಎಸ್.ಕೆ. ನಾಲ್ಕನೆಯ ಮಟ್ಟಕ್ಕೆ ಹಳೆಯ ಕ್ರಮದಲ್ಲಿ ಬೇಕಾದ ಪದಗಳು ೧,೨೦೦. (೨೦೨೧ರಲ್ಲಿ ಚೀನವು ಒಂಬತ್ತು ಮಟ್ಟಗಳ ಹೊಸ ಮಾನದಂಡವನ್ನು ಪ್ರಕಟಿಸಿದೆ, ಹೋಗುವ ಹೊತ್ತಿಗೆ ಯಾವುದು ನಡೆಯುತ್ತಿದೆಯೆಂದು ನೋಡಿಕೊಳ್ಳಬೇಕು.) ದಿನಕ್ಕೆ ಮೂರು ಪದವೆಂದರೆ ನಾಲ್ಕುನೂರು ದಿನ. ಇಂಟರ್ಮೀಡಿಯೇಟಿನ ಎರಡು ವರ್ಷಗಳಲ್ಲಿ ನೀಟ್ ಓದಿನ ನಡುವೆ ಇಷ್ಟನ್ನೂ ಮುಗಿಸಲಾಗದು, ಮುಗಿಸಬೇಕೆಂದು ನಾವು ಹೇಳುವುದೂ ಇಲ್ಲ. ಉಚ್ಚಾರಣೆಯೊಂದನ್ನು ಸರಿಯಾಗಿ ಕಲಿತು, ಮುನ್ನೂರು ಪದಗಳನ್ನು ಕೈವಶ ಮಾಡಿಕೊಂಡು ಹೋದರೆ ಮೊದಲ ವರ್ಷದ ಭಾಷಾತರಗತಿಯಲ್ಲಿ ಮುಂದಿನ ಸಾಲಿನಲ್ಲಿರಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ ಇಂಗ್ಲಿಷು ಎಂದು ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಗಡಿಯ ಮಕ್ಕಳಿಗೆ ಐದನೆಯ ಭಾಷೆಯ ಭಯವಿರಬೇಕಾಗಿಲ್ಲ. ಕ್ರಮವಾಗಿ ಚೀನೀ ಕಲಿಸುವ ಸಂಸ್ಥೆಗಳೂ ನಮ್ಮ ದೇಶದಲ್ಲಿವೆ: ೧೯೩೭ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾದ ಚೀನಾ ಭವನ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯ. ವೈದ್ಯಕೀಯದಲ್ಲಿ ಆಸಕ್ತಿಯಿಲ್ಲದೆ ಭಾಷೆಯಲ್ಲಿಯೇ ಒಲವಿರುವವರು ಅತ್ತ ಏಕೆ ನೋಡಬಾರದು?

ಕಾಗದಪತ್ರಗಳ ವಿಚಾರದಲ್ಲಿ ನಮ್ಮ ಭಾಗದವರಿಗೆ ಒಂದು ವಿಶೇಷ ತೊಡಕುಂಟು. ಅದು ಹೆಸರಿನದು. ಕನ್ನಡದ ಮನೆಯ ತಿಪ್ಪೇಸ್ವಾಮಿಯ ಹೆಸರನ್ನು ತೆಲುಗು ಬರೆಯುವ ಗುಮಾಸ್ತರು ಒಂದು ಕಡೆ ಒಂದು ಬಗೆಯಾಗಿ, ಇಂಗ್ಲಿಷಿಗೆ ಇಳಿಸುವವರು ಇನ್ನೊಂದು ಕಡೆ ಇನ್ನೊಂದು ಬಗೆಯಾಗಿ ಬರೆದಿರುತ್ತಾರೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರದಲ್ಲಿ ಹಿಂದೆ. ಜನನಪತ್ರದಲ್ಲಿ ತಂದೆಯ ಹೆಸರು ಒಂದಕ್ಷರ ಹೆಚ್ಚು. ಇಲ್ಲಿರುವ ತನಕ ಇದರಿಂದ ಬಾಧಕವಿಲ್ಲ. ಮೇಷ್ಟ್ರೊಬ್ಬರ ರುಜುವಿನಿಂದ ಕೆಲಸ ನಡೆದೀತು. ಆದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ಣವಾಗಿ ಬರೆಯುತ್ತಾರೆ. ಪಾಸ್‌ಪೋರ್ಟಿನ ಹೆಸರೂ ಅಂಕಪಟ್ಟಿಯ ಹೆಸರೂ ನೀಟ್ ಫಲಿತಾಂಶದ ಹೆಸರೂ ಹೊಂದದಿದ್ದರೆ ವೀಸಾ ಕೊಡುವವರು ಪ್ರಶ್ನಿಸುತ್ತಾರೆ. ಏಳು ವರ್ಷಗಳಾದ ಮೇಲೆ ಪದವಿಪತ್ರ ಹಿಡಿದು ಪರೀಕ್ಷೆಗೆ ಅರ್ಜಿ ಹಾಕುವಾಗ ಮತ್ತೆ ಪ್ರಶ್ನಿಸುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವಾಗಲೇ ತಂದೆತಾಯಿಗಳು ಶಾಲೆಗೆ ಬಂದು ಒಂದೊಂದಕ್ಷರವನ್ನೂ ನೋಡಿಕೊಳ್ಳಬೇಕೆಂದು ಪ್ರತಿವರ್ಷವೂ ಪ್ರಾರ್ಥಿಸುತ್ತಿದ್ದೇವೆ. ಬರುವವರು ಕೆಲವರೇ.

ಮಿಕ್ಕ ಕಾಗದಗಳ ಕ್ರಮ ಸರಳ. ವಿಶ್ವವಿದ್ಯಾಲಯದಿಂದ ಪ್ರವೇಶಪತ್ರವೂ, ‘ಜೆ.ಡಬ್ಲ್ಯು. ೨೦೨’ ಎಂಬ ನಮೂನೆಯೂ ಬರಬೇಕು. ಅವುಗಳ ಆಧಾರದ ಮೇಲೆ ‘ಎಕ್ಸ್ ೧’ ಎಂಬ ವಿದ್ಯಾರ್ಥಿ ವೀಸಾ ದೊರೆಯುತ್ತದೆ. ೧೮೦ ದಿನಗಳಿಗೆ ಮೇಲ್ಪಟ್ಟ ವ್ಯಾಸಂಗಕ್ಕೆ ಇದೇ ಬೇಕು. ನಿಗದಿಯಾದ ನಮೂನೆಯಲ್ಲಿ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಸಹಿತವಾದ ಆರೋಗ್ಯಪತ್ರ ಬೇಕು. ಅಲ್ಲಿ ಇಳಿದ ೨೪ ಗಂಟೆಗಳೊಳಗೆ ವಾಸಸ್ಥಳವನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ೩೦ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಇದನ್ನು ಮರೆತವರು ಮೊದಲ ತಿಂಗಳಲ್ಲೇ ದಂಡ ತೆರುತ್ತಾರೆ.

ಹಣದ ಮಾತು. ಶುಲ್ಕದ ಮೊತ್ತವನ್ನು ದಲ್ಲಾಳಿ ರೂಪಾಯಿಯಲ್ಲಿ ಹೇಳುತ್ತಾನೆ. ಪ್ರವೇಶಪತ್ರದಲ್ಲಿ ಅದು ಯುವಾನಿನಲ್ಲಿರುತ್ತದೆ. ಎರಡನ್ನೂ ತಾಳೆ ನೋಡಿ, ನಡುವಿನ ವ್ಯತ್ಯಾಸ ಎಲ್ಲಿಗೆ ಹೋಗುತ್ತದೆಂದು ಕೇಳಬೇಕು. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಳುಹಿಸಿ ಅಲ್ಲಿಯ ರಸೀತಿ ಪಡೆಯಬೇಕು. ಬ್ಯಾಂಕುಗಳ ಮಾದರಿ ವಿದ್ಯಾಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಸಾಲಕ್ಕೆ ಆಸ್ತಿಯ ಅಡಮಾನ ಬೇಕಾಗುತ್ತದೆ. ಬೇಸಾಯದ ಭೂಮಿಯನ್ನು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಆ ಯೋಜನೆಯಂತೆ ವ್ಯಾಸಂಗ ಮುಗಿದ ಒಂದು ವರ್ಷದ ತರುವಾಯ ಕಂತು ಕಟ್ಟಲು ಆರಂಭಿಸಬೇಕು. ನಮ್ಮ ಹುಡುಗ ಆಗ್ಗೆ ಅರ್ಹತಾ ಪರೀಕ್ಷೆಗೆ ಓದುತ್ತಿರುತ್ತಾನೆ, ಅಥವಾ ತರಬೇತಿಯಲ್ಲಿರುತ್ತಾನೆ. ಪರೀಕ್ಷೆಯಲ್ಲಿ ಒಮ್ಮೆ ಎಡವಿದರಂತೂ ಸಂಪಾದನೆಗೆ ಮುಂಚೆಯೇ ಕಂತು ಬಂದು ಬಾಗಿಲು ತಟ್ಟುತ್ತದೆ. ಆದ್ದರಿಂದ ಆರು ವರ್ಷಕ್ಕಲ್ಲ, ಎಂಟು ವರ್ಷಕ್ಕೆ ಲೆಕ್ಕ ಹಾಕಿ ಹೊರಡುವುದು ಲೇಸು.

ಲೆಕ್ಕಕ್ಕೆ ಸಿಗದ ವಿಪತ್ತುಗಳೂ ಉಂಟೆಂಬುದು ೨೦೨೦ರಲ್ಲಿ ತಿಳಿಯಿತು. ವೂಹಾನ್ ನಗರದಲ್ಲಿ ಸಾಂಕ್ರಾಮಿಕ ಹರಡಿದಾಗ ಫೆಬ್ರವರಿ ಮೊದಲೆರಡು ದಿನಗಳಲ್ಲಿ ಏರ್ ಇಂಡಿಯಾದ ಎರಡು ವಿಮಾನಗಳು ೬೪೭ ಭಾರತೀಯರನ್ನು ಅಲ್ಲಿಂದ ಕರೆತಂದವು. ಅವರಲ್ಲಿ ವಿದ್ಯಾರ್ಥಿಗಳು ಬಹಳ. ಮಾರ್ಚಿ ಕೊನೆಯಲ್ಲಿ ಚೀನವು ಹೊರದೇಶದವರಿಗೆ ಬಾಗಿಲು ಮುಚ್ಚಿತು. ವಿದ್ಯಾರ್ಥಿಗಳಿಗೆ ಮತ್ತೆ ವೀಸಾ ದೊರೆತುದು ೨೦೨೨ರ ಆಗಸ್ಟಿನಲ್ಲಿ. ಆ ಎರಡೂವರೆ ವರ್ಷ ಸಾವಿರಾರು ಮಕ್ಕಳು ತಮ್ಮ ಊರಿನ ಮನೆಯ ಕೋಣೆಯಲ್ಲಿ ಕುಳಿತು ದೂರವಾಣಿಯ ಪರದೆಯ ಮೇಲೆ ಶಸ್ತ್ರಚಿಕಿತ್ಸೆಯನ್ನು ‘ಕಲಿತರು’. ಅಂಥ ಓದನ್ನು ಆಯೋಗ ಪೂರ್ಣವೆಂದು ಒಪ್ಪಲಿಲ್ಲ. ಕೊನೆಯ ವರ್ಷದಲ್ಲಿ ಮರಳಿ ಬಂದು ೨೦೨೨ರ ಜೂನ್ ೩೦ರೊಳಗೆ ಪದವಿ ಪಡೆದವರಿಗೆ ಪರೀಕ್ಷೆಗೆ ಅವಕಾಶ ಕೊಟ್ಟು, ಒಂದು ವರ್ಷದ ತರಬೇತಿಗೆ ಬದಲಾಗಿ ಎರಡು ವರ್ಷ ವಿಧಿಸಿತು. ಅದೇ ೨೦೨೦ರಲ್ಲಿ ನಿಂತ ನೇರ ವಿಮಾನಗಳು ಮತ್ತೆ ಆರಂಭವಾದುದು ೨೦೨೫ರ ಅಕ್ಟೋಬರ್ ೨೬ರಂದು, ಕಲ್ಕತ್ತೆಯಿಂದ ಗ್ವಾಂಗ್‌ಝೌ ನಗರಕ್ಕೆ. ಎರಡು ಸರಕಾರಗಳ ನಡುವಿನ ಮನಸ್ತಾಪಕ್ಕೆ ವಿದ್ಯಾರ್ಥಿಯ ವರ್ಷಗಳು ಬೆಲೆ ತೆತ್ತವು. ಇಂಥದ್ದು ಮತ್ತೆ ಬಾರದೆಂದು ಹೇಳುವ ಧೈರ್ಯ ನಮಗಿಲ್ಲ.

ನಿತ್ಯಜೀವನದ ಎರಡು ಮಾತು. ಚೀನ ವಿಶಾಲವಾದ ದೇಶ. ಉತ್ತರದ ಹಾರ್ಬಿನ್ನಿನಲ್ಲಿ ಚಳಿಗಾಲದ ರಾತ್ರಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ದಕ್ಷಿಣದ ಗ್ವಾಂಗ್‌ಝೌವಿನ ಚಳಿ ನಮ್ಮ ಹಿಂದೂಪುರದ ಪುಷ್ಯಮಾಸಕ್ಕಿಂತ ಬಹಳ ಹೆಚ್ಚಿನದಲ್ಲ. ಊರು ಆರಿಸುವಾಗ ಇದನ್ನೂ ನೋಡಬೇಕು. ಮಾಂಸ ತಿನ್ನದವರಿಗೆ ಊಟದ ಕಷ್ಟ ಉಂಟು. ಅನ್ನ ಸಾರು ಮಾ‍ಡಿಕೊಳ್ಳಲು ಬಾರದ ಹುಡುಗನನ್ನು ಕಳುಹಿಸುವ ಮುನ್ನ ಒಂದು ಬೇಸಗೆ ತಾಯಿಯ ಅಡುಗೆಮನೆಯಲ್ಲಿ ನಿಲ್ಲಿಸುವುದು ಒಳ್ಳೆಯದು. ಇನ್ನು, ತಾಯಂದಿರನ್ನು ಹೆಚ್ಚು ಕಂಗೆಡಿಸುವುದು ಮಾತುಕತೆಯ ವಿಚಾರ. ವಾಟ್ಸಾಪು, ಜೀಮೇಲು ಚೀನದ ಸಾಮಾನ್ಯ ಜಾಲದಲ್ಲಿ ನಡೆಯುವುದಿಲ್ಲ. ಅಲ್ಲಿ ಎಲ್ಲರೂ ಬಳಸುವ ವೀಚಾಟನ್ನು ಭಾರತ ಸರಕಾರ ೨೦೨೦ರ ಜೂನಿನಲ್ಲಿ ನಿಷೇಧಿಸಿತು. ಮಗ ಇಳಿದ ದಿನ ಫೋನು ಬರಲಿಲ್ಲವೆಂದು ಮನೆಯವರೆಲ್ಲ ಊಟ ಬಿಟ್ಟು ಕುಳಿತ ಪ್ರಸಂಗ ನಮಗೆ ಗೊತ್ತು. ಯಾವ ಸಂಖ್ಯೆಯಿಂದ, ಯಾವ ದಿನ, ಎಷ್ಟು ಹೊತ್ತಿಗೆ ಕರೆ ಮಾಡಬೇಕೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಒಂಬತ್ತಕ್ಕೆ ನಾವು ಕರೆದರೆ ಅಲ್ಲಿ ಹನ್ನೊಂದೂವರೆ.

ಕಲ್ಯಾಣದುರ್ಗದ ಆ ತಾಯಿಗೆ ಇವೆಲ್ಲವನ್ನೂ ಒಂದೇ ದಿನ ಹೇಳಲಾಗಲಿಲ್ಲ. ಹೇಳಿದಷ್ಟನ್ನು ಕೇಳಿಕೊಂಡು, ಹೊಲದ ಮಾತನ್ನು ಸದ್ಯಕ್ಕೆ ಎತ್ತುವುದಿಲ್ಲವೆಂದರು. ಮಗಳಿಗೆ ಮಾತ್ರ ಮೊಲದ ಕಥೆ ಬಹಳ ರುಚಿಸಿತು. ಪಿನ್‌ಯಿನ್ ಅಕ್ಷರಗಳ ಎದುರಿಗೆ ಕನ್ನಡದ ಅಕ್ಷರಗಳನ್ನು ಬರೆದ ಒಂದು ಹಾಳೆಯನ್ನು ಕೇಳಿ ಪಡೆದು, ಬಸ್ಸಿಗೆ ಹೊತ್ತಾಯಿತೆಂದು ತಾಯಿ ಕರೆಯುತ್ತಿದ್ದರೂ, ‘ತ’ ‘ಥ’ಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಮೆಟ್ಟಿಲಿಳಿದಳು.